ಗೋಕರ್ಣದಲ್ಲಿ ಟೆಂಟ್ ಹಾಕುವ ಮುನ್ನ: ಯಾವ ಫಾರ್ವರ್ಡ್ ನಂಬಬೇಕು, ಯಾವುದನ್ನು ಅಳಿಸಬೇಕು?

ಸಾಲು ರಜೆ ಹತ್ತಿರ ಬಂದಂತೆ ವಾಟ್ಸ್ಆ್ಯಪ್‌ನಲ್ಲಿ ಹೊಸ ಗ್ರೂಪ್‌ಗಳು ಹುಟ್ಟಿಕೊಳ್ಳುತ್ತವೆ. ‘ಗೋಕರ್ಣ ಪ್ಲ್ಯಾನ್’ ಎಂಬ ಹೆಸರು, ಹತ್ತು ಹನ್ನೆರಡು ಜನ, ಟೆಂಟ್ ಯಾರ ಹತ್ತಿರ ಇದೆ, ಕಾರು ಯಾರದ್ದು ಎಂಬ ಚರ್ಚೆ. ನಡುನಡುವೆ ಫಾರ್ವರ್ಡ್‌ಗಳೂ ಬಂದು ಬೀಳುತ್ತವೆ. ಟೆಂಟಿನ ಸುತ್ತ ಉಪ್ಪು ಸುರಿದರೆ ಹಾವು ಬರುವುದಿಲ್ಲವಂತೆ. ಅಲೆ ಏಳದ ಕಡೆ ನೀರಿಗಿಳಿದರೆ ಅಪಾಯವಿಲ್ಲವಂತೆ. ಜೆಲ್ಲಿ ಫಿಶ್ ಕುಟುಕಿದರೆ ಅದರ ಮೇಲೆ ಮೂತ್ರ ಮಾಡಬೇಕಂತೆ. ನೀರಿನಲ್ಲಿ ಮುಳುಗಿದವರನ್ನು ಉಪ್ಪಿನಲ್ಲಿ ಹೂತರೆ ಜೀವ ಬರುತ್ತದಂತೆ.

ಈ ನಾಲ್ಕರಲ್ಲಿ ಒಂದೂ ನಿಜವಲ್ಲ. ಒಂದನ್ನು ನಂಬಿದರೆ ಉಪ್ಪು ಮಾತ್ರ ಹಾಳು, ಉಳಿದವನ್ನು ನಂಬಿದರೆ ಜೀವಕ್ಕೇ ಸಂಚಕಾರ. ಕಡಲತೀರದಲ್ಲಿ ಒಂದು ರಾತ್ರಿ ಸುರಕ್ಷಿತವಾಗಿ ಕಳೆಯಲು ಗೊತ್ತಿರಬೇಕಾದ ಸಂಗತಿಗಳು ಹೆಚ್ಚೇನಿಲ್ಲ. ಪ್ರವಾಸದ ತಯಾರಿ ನಡೆಯುವ ಕ್ರಮದಲ್ಲೇ ಅವನ್ನು ಒಂದೊಂದಾಗಿ ನೋಡೋಣ. ಉದಾಹರಣೆಗೆ ನಾವು ಗೋಕರ್ಣವನ್ನು ತೆಗೆದುಕೊಂಡಿದ್ದೇವೆ. ಕಾರವಾರದಿಂದ ಮಂಗಳೂರಿನವರೆಗೆ ಯಾವ ತೀರಕ್ಕೆ ಹೋದರೂ ವಿಷಯ ಹೆಚ್ಚುಕಡಿಮೆ ಇದೇ.

ಯಾವ ತಿಂಗಳು ಹೋಗಬೇಕು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಮಳೆಗಾಲದ ರೌದ್ರದಲ್ಲಿರುತ್ತದೆ. ಆಗ ತೀರದಲ್ಲಿ ಟೆಂಟ್ ಹಾಕುವುದೂ ಬೇಡ, ನೀರಿಗೆ ಇಳಿಯುವುದೂ ಬೇಡ. ಇದು ಬಹುತೇಕರಿಗೆ ಗೊತ್ತು. ಆದರೆ ಇದರಿಂದ ಇನ್ನೊಂದು ತಪ್ಪು ನಂಬಿಕೆ ಬೆಳೆದಿದೆ. ಮಳೆಗಾಲ ಮುಗಿದ ಮೇಲೆ ಕಡಲು ಕೆರೆಯಂತೆ ಶಾಂತ ಎಂದುಕೊಳ್ಳುತ್ತೇವೆ.

2024ರ ಡಿಸೆಂಬರ್‌ನಲ್ಲಿ, ಅಂದರೆ ಪ್ರವಾಸದ ಒಳ್ಳೆಯ ಕಾಲದಲ್ಲೇ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಅದೇ ವರ್ಷದ ಮೇ 6ರಂದು ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯ ಲೆಮೂರ್ ಬೀಚ್‌ನಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳನ್ನು ಅಲೆಗಳು ಎಳೆದುಕೊಂಡು ಹೋದವು. ಈ ಎರಡನೇ ಘಟನೆಯ ಹೊತ್ತಿಗೆ ದೊಡ್ಡ ಅಲೆಗಳ ಎಚ್ಚರಿಕೆಯನ್ನು ಹೈದರಾಬಾದ್‌ನ ಇನ್‌ಕಾಯ್ಸ್ ಕೊಟ್ಟಿತ್ತು. ಇದು ಕಡಲಿನ ಮುನ್ಸೂಚನೆ ನೀಡುವ ಕೇಂದ್ರ ಸರ್ಕಾರದ ಸಂಸ್ಥೆ.

ಇಂಥ ಅಲೆಗಳಿಗೆ ಕೇರಳದ ಮೀನುಗಾರರು ಇಟ್ಟ ಹೆಸರು ‘ಕಳ್ಳಕ್ಕಡಲ್’. ಕಳ್ಳನ ಹಾಗೆ ಬರುವ ಕಡಲು ಎಂದು ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬೀಸಿದ ಬಿರುಗಾಳಿ ಎಬ್ಬಿಸಿದ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿ, ಕೆಲವು ದಿನಗಳ ನಂತರ ನಮ್ಮ ತೀರ ಮುಟ್ಟುತ್ತವೆ. ಇಲ್ಲಿ ಗಾಳಿ ಇರುವುದಿಲ್ಲ, ಮೋಡ ಇರುವುದಿಲ್ಲ, ಬಿಸಿಲು ಚೆನ್ನಾಗಿರುತ್ತದೆ. ಆದರೂ ನೀರು ನುಗ್ಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇದು ಹೆಚ್ಚು.

ಹಾಗಾಗಿ ಹೊರಡುವ ಹಿಂದಿನ ದಿನ ಮಳೆಯ ಮುನ್ಸೂಚನೆ ನೋಡಿದರೆ ಸಾಲದು. ಇನ್‌ಕಾಯ್ಸ್ ಜಾಲತಾಣದಲ್ಲಿ ಅಥವಾ ಅದರ ‘ಸಮುದ್ರ’ ಆ್ಯಪ್‌ನಲ್ಲಿ ದೊಡ್ಡ ಅಲೆಗಳ ಎಚ್ಚರಿಕೆ ಇದೆಯೇ ನೋಡಿ. ತೀರ ತಲುಪಿದ ಮೇಲೆ ಅಲ್ಲಿನ ಮೀನುಗಾರರನ್ನೂ ಒಂದು ಮಾತು ಕೇಳಿ. ದಿನಾ ದೋಣಿ ಇಳಿಸುವವರಿಗೆ ಇವತ್ತಿನ ನೀರು ಹೇಗಿದೆ ಎಂಬುದು ಯಾವ ಫಾರ್ವರ್ಡ್‌ಗಿಂತಲೂ ಚೆನ್ನಾಗಿ ಗೊತ್ತಿರುತ್ತದೆ.

ಹುಣ್ಣಿಮೆ ರಾತ್ರಿಯ ಲೆಕ್ಕ

ಕ್ಯಾಂಪಿಂಗ್‌ಗೆ ಹುಣ್ಣಿಮೆ ಎಲ್ಲರ ಮೆಚ್ಚಿನ ದಿನ. ಬೆಳದಿಂಗಳು, ಹೊಳೆಯುವ ಮರಳು, ಒಳ್ಳೆಯ ಫೋಟೊ. ಆದರೆ ಟೆಂಟ್ ಹಾಕುವ ಜಾಗದ ಬಗ್ಗೆ ಅತಿ ಹೆಚ್ಚು ಯೋಚಿಸಬೇಕಾದ ದಿನವೂ ಅದೇ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದ್ದರಿಂದ ಉಬ್ಬರದ ಸಮಯ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವುದರಿಂದ ಎಳೆತ ಕೂಡಿಕೊಂಡು ಉಬ್ಬರ ಹೆಚ್ಚು ಏರುತ್ತದೆ, ಇಳಿತ ಹೆಚ್ಚು ಇಳಿಯುತ್ತದೆ.

ಗೋಕರ್ಣದ ಕಡೆ ಈ ದಿನಗಳಲ್ಲಿ ಸಾಮಾನ್ಯವಾಗಿ ಸಂಜೆಯ ಹೊತ್ತಿಗೆ ದೊಡ್ಡ ಇಳಿತ, ರಾತ್ರಿ ಮಲಗುವ ಹೊತ್ತಿಗೆ ದೊಡ್ಡ ಉಬ್ಬರ. ಈಗ ನೀವೇ ಊಹಿಸಿ. ಸಂಜೆ ಐದಕ್ಕೆ ಬರುತ್ತೀರಿ. ನೀರು ದೂರ ಸರಿದಿದೆ. ಎದುರಿಗೆ ಅಂಗಳದಂತೆ ಸಪಾಟಾದ, ಗಟ್ಟಿಯಾದ ಮರಳು. ‘ಇಲ್ಲೇ ಹಾಕೋಣ’ ಎನ್ನುತ್ತಾರೆ ಎಲ್ಲರೂ. ಆ ಮರಳು ಗಟ್ಟಿಯಾಗಿರುವುದು ಕೆಲವೇ ಗಂಟೆ ಮುಂಚೆ ಅದರ ಮೇಲೆ ಕಡಲಿದ್ದುದರಿಂದ.

ಸಣ್ಣ ಲೆಕ್ಕ ಮಾಡಿ. ನೀರಿನ ಮಟ್ಟ ಒಂದೂವರೆ ಮೀಟರ್ ಏರಿತು ಎನ್ನಿ. ತೀರದ ಇಳಿಜಾರು ಮೂವತ್ತು ಮೀಟರ್‌ಗೆ ಒಂದು ಮೀಟರ್ ಇದ್ದರೆ, ನೀರು ಅಡ್ಡಕ್ಕೆ 45 ಮೀಟರ್ ಮುಂದೆ ಬರುತ್ತದೆ. ಅದರ ಮೇಲೆ ಅಲೆಗಳು ಬೇರೆ. ನಿದ್ದೆಯಲ್ಲಿರುವವರಿಗೆ ಇದು ಗೊತ್ತಾಗುವುದು ಚೀಲ, ಚಪ್ಪಲಿ, ಫೋನು ತೇಲಲು ಶುರುವಾದಾಗ.

ಟೆಂಟ್ ಎಲ್ಲಿ ಹಾಕಬೇಕು?

ತೀರದಲ್ಲಿ ನಡೆಯುವಾಗ ಒಣಗಿದ ಪಾಚಿ, ತೆಂಗಿನ ಸಿಪ್ಪೆ, ಚಿಪ್ಪು, ಪ್ಲಾಸ್ಟಿಕ್ ಬಾಟಲಿ ಒಂದು ಉದ್ದನೆಯ ಗೆರೆಯಾಗಿ ಬಿದ್ದಿರುವುದು ಕಾಣುತ್ತದೆ. ಕಳೆದ ಉಬ್ಬರದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕಡಲೇ ಹಾಕಿಟ್ಟ ಗುರುತು ಅದು. ಎರಡು ಗೆರೆ ಕಂಡರೆ ಮೇಲಿನದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಟೆಂಟ್ ಅದಕ್ಕಿಂತ ಸಾಕಷ್ಟು ಹಿಂದೆ, ಎತ್ತರದಲ್ಲಿ ಇರಬೇಕು. ಮರಳಿನ ಮೇಲೆ ಹಬ್ಬಿರುವ ಬಳ್ಳಿಗಳನ್ನು ಮಾತ್ರ ಕೀಳಬೇಡಿ, ತೀರದ ಮರಳನ್ನು ಹಿಡಿದಿಟ್ಟಿರುವುದು ಅವೇ.

ಹಿಂದೆ ಸರಿಯುತ್ತ ಸರಿಯುತ್ತ ತೆಂಗಿನ ಮರದ ಬುಡಕ್ಕೆ ಹೋಗಬೇಡಿ. 20 ಮೀಟರ್ ಎತ್ತರದಿಂದ ಬೀಳುವ ಕಾಯಿ ನೆಲ ಮುಟ್ಟುವಾಗ ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿರುತ್ತದೆ. ಟೆಂಟಿನ ಬಟ್ಟೆ ಅದನ್ನು ತಡೆಯಲಾರದು.

ನದಿ ಕಡಲು ಸೇರುವ ಅಳಿವೆಯ ಬಾಯಿಯೂ ಒಳ್ಳೆಯ ಜಾಗವಲ್ಲ. ಗೋಕರ್ಣದ ದಕ್ಷಿಣಕ್ಕೆ ಅಘನಾಶಿನಿ, ಉತ್ತರಕ್ಕೆ ಗಂಗಾವಳಿ ಕಡಲು ಸೇರುತ್ತವೆ. ಇಳಿತದ ಹೊತ್ತಿನಲ್ಲಿ ಅಳಿವೆಯೊಳಗೆ ತುಂಬಿದ್ದ ನೀರೆಲ್ಲ ರಭಸವಾಗಿ ಹೊರಕ್ಕೆ ಹರಿಯುತ್ತದೆ. ಮೊಣಕಾಲು ಮಟ್ಟದ ನೀರೂ ಆಗ ಕಾಲು ತಪ್ಪಿಸಬಲ್ಲದು.

ಇನ್ನೊಂದು ವಿಷಯ. ಹಾಫ್ ಮೂನ್, ಪ್ಯಾರಡೈಸ್ ಬೀಚ್‌ಗಳಿಗೆ ಕಾಲುದಾರಿ ಅಥವಾ ದೋಣಿಯೇ ಗತಿ. ಆ ಏಕಾಂತವೇ ಅಲ್ಲಿನ ಆಕರ್ಷಣೆ. ಆದರೆ ರಾತ್ರಿ ಎರಡು ಗಂಟೆಗೆ ಯಾರಿಗಾದರೂ ಏನಾದರೂ ಆದರೆ ಅಲ್ಲಿಗೆ ಆಂಬುಲೆನ್ಸ್ ಬರುವುದಿಲ್ಲ. ಮಕ್ಕಳು, ಹಿರಿಯರು ಜೊತೆಗಿದ್ದರೆ ರಸ್ತೆಗೆ ಹತ್ತಿರದ ಜಾಗವೇ ಮೇಲು. ಎಲ್ಲೆಂದರಲ್ಲಿ ಟೆಂಟ್ ಹಾಕಲು ಅವಕಾಶವೂ ಇರುವುದಿಲ್ಲ. ಪಂಚಾಯಿತಿ ಅಥವಾ ಪೊಲೀಸರನ್ನು ಮೊದಲೇ ವಿಚಾರಿಸಿ.

‘ಅಲೆ ಇಲ್ಲದ ಕಡೆ ಇಳಿಯಿರಿ’: ಇದೇ ದೊಡ್ಡ ತಪ್ಪು

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ತೀರದುದ್ದಕ್ಕೂ ಬಿಳಿ ನೊರೆಯ ಅಲೆಗಳು ಒಡೆಯುತ್ತಿದ್ದು, ನಡುವೆ ಒಂದು ಕಡೆ ಮಾತ್ರ ನೀರು ಸಪಾಟಾಗಿ, ಸ್ವಲ್ಪ ಕಪ್ಪಾಗಿ ಕಂಡರೆ ಅಲ್ಲಿಗೆ ಇಳಿಯಲೇಬಾರದು.

ಕಾರಣ ಸರಳ. ಅಲೆಗಳು ತೀರದ ಕಡೆಗೆ ನೀರನ್ನು ತಳ್ಳುತ್ತಲೇ ಇರುತ್ತವೆ. ಬಂದ ನೀರು ವಾಪಸ್ ಹೋಗಬೇಕಲ್ಲ? ನೀರಿನಡಿಯ ಮರಳದಿಬ್ಬಗಳ ನಡುವೆ ಎಲ್ಲಿ ತಗ್ಗಿದೆಯೋ ಅಲ್ಲಿಂದ ಅದು ಹೊಳೆಯಂತೆ ಕಡಲಿಗೆ ಮರಳುತ್ತದೆ. ತಗ್ಗಿನಲ್ಲಿ ಆಳ ಹೆಚ್ಚು, ಆದ್ದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ. ನೋಡಲು ಶಾಂತ, ಒಳಗೆ ಸೆಳೆತ. ಇದನ್ನು ರಿಪ್ ಕರೆಂಟ್ ಎನ್ನುತ್ತಾರೆ. ಬಂಡೆಗಳ ಪಕ್ಕದಲ್ಲೂ ಇದು ಹೆಚ್ಚು, ಇಳಿತದ ಹೊತ್ತಿನಲ್ಲಿ ಸಾಮಾನ್ಯವಾಗಿ ಇನ್ನೂ ಜೋರು.

ನೀರಿಗೆ ಇಳಿಯುವ ಮೊದಲು ಸ್ವಲ್ಪ ಎತ್ತರದಲ್ಲಿ ನಿಂತು ಹತ್ತು ನಿಮಿಷ ಸುಮ್ಮನೆ ನೋಡಿ. ಓಂ ಬೀಚ್‌ನಂಥ ಕಡೆ ಪಕ್ಕದ ಗುಡ್ಡದಿಂದ ಇದು ಚೆನ್ನಾಗಿ ಕಾಣುತ್ತದೆ. ನೊರೆ, ಕಸ, ಕದಡಿದ ಮರಳು ಎಲ್ಲಿ ತೀರದಿಂದ ಹೊರಕ್ಕೆ ಸಾಗುತ್ತಿದೆಯೋ ಅಲ್ಲೇ ಸೆಳೆತವಿದೆ. ಜೀವರಕ್ಷಕರು ಇರುವ ಕಡೆ, ಅವರು ಹೇಳಿದ ಜಾಗದಲ್ಲಿ ಮಾತ್ರ ಇಳಿಯಿರಿ. ಕೆಂಪು ಬಾವುಟ ಇದ್ದರೆ ಮಾತೇ ಇಲ್ಲ, ಇಳಿಯುವಂತಿಲ್ಲ.

‘ಈಜು ಬಂದರೆ ಭಯವಿಲ್ಲ’

ಬಾವಿ, ಕೆರೆ, ಈಜುಕೊಳದಲ್ಲಿ ಕಲಿತ ಈಜಿನ ಮೇಲೆ ನಮಗೆ ತುಂಬ ನಂಬಿಕೆ. ಜೋರಾದ ರಿಪ್ ಕರೆಂಟ್ ಸೆಕೆಂಡಿಗೆ ಎರಡು ಮೀಟರ್ ವೇಗ ಮುಟ್ಟಬಹುದು. ಒಲಿಂಪಿಕ್ಸ್‌ನ ಅತಿ ವೇಗದ ಈಜುಗಾರರು 50 ಮೀಟರ್ ಕ್ರಮಿಸಲು 21 ಸೆಕೆಂಡ್‌ನ ಆಸುಪಾಸು ತೆಗೆದುಕೊಳ್ಳುತ್ತಾರೆ, ಅಂದರೆ ಸೆಕೆಂಡಿಗೆ ಎರಡೂವರೆ ಮೀಟರ್‌ಗೂ ಕಡಿಮೆ. ಅಷ್ಟು ವೇಗವನ್ನು ಅವರೂ ಹೆಚ್ಚು ಹೊತ್ತು ಉಳಿಸಿಕೊಳ್ಳಲಾರರು. ಸೆಳೆತಕ್ಕೆ ಎದುರಾಗಿ ಈಜಿ ಗೆಲ್ಲುವುದು ನಮ್ಮ ನಿಮ್ಮಿಂದ ಆಗದ ಕೆಲಸ. ಹಾಗೆ ಈಜಿ ಸುಸ್ತಾದಾಗಲೇ ಜನ ಮುಳುಗುವುದು. ಕುಡಿದು ನೀರಿಗಿಳಿದವರಿಗಂತೂ ಸುಸ್ತಾಗಿರುವುದೂ ತಿಳಿಯುವುದಿಲ್ಲ.

ಸೆಳೆತ ಯಾರನ್ನೂ ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಸಿಕ್ಕಿಕೊಂಡರೆ ಹೀಗೆ ಮಾಡಿ:

- ಗಾಬರಿಯಿಂದ ತೀರದತ್ತ ಈಜಬೇಡಿ. ಬೆನ್ನ ಮೇಲೆ ತೇಲುತ್ತ ಉಸಿರು ಹಿಡಿತಕ್ಕೆ ತಂದುಕೊಳ್ಳಿ.
- ಒಂದು ಕೈ ಎತ್ತಿ ಸಹಾಯಕ್ಕೆ ಕೂಗಿ.
- ಶಕ್ತಿ ಇದ್ದರೆ ತೀರಕ್ಕೆ ಸಮಾನಾಂತರವಾಗಿ, ಅಲೆಗಳು ಒಡೆಯುತ್ತಿರುವ ಕಡೆಗೆ ಈಜಿ. ಅಲ್ಲಿನ ಅಲೆಗಳು ನಿಮ್ಮನ್ನು ತೀರದತ್ತ ತಳ್ಳುತ್ತವೆ.

ತೀರದಲ್ಲಿ ನಿಂತು ನೋಡುತ್ತಿರುವವರು ಹಿಂದೆ ಮುಂದೆ ನೋಡದೆ ಜಿಗಿಯುವುದೂ ತಪ್ಪು. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ತೇಲುವ ಏನನ್ನಾದರೂ ಎಸೆಯಿರಿ. ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್, ಥರ್ಮಾಕೋಲ್ ಪೆಟ್ಟಿಗೆ, ಹಗ್ಗ ಕಟ್ಟಿದ ಟ್ಯೂಬ್ ಯಾವುದಾದರೂ ಆದೀತು. ಜೀವರಕ್ಷಕರನ್ನು, ದೋಣಿಯವರನ್ನು ಕೂಗಿ. 112ಕ್ಕೆ ಕರೆ ಮಾಡಿ.

ಉಪ್ಪಿನಲ್ಲಿ ಹೂತರೆ ಜೀವ ಬರುತ್ತದೆಯೇ?

ಇಲ್ಲ. ಈ ಸಂದೇಶ ವರ್ಷಗಳಿಂದ ಸುತ್ತುತ್ತಿದೆ. 2022ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ನೀರಿನಲ್ಲಿ ಮುಳುಗಿದ್ದ ಬಾಲಕನ ದೇಹವನ್ನು, ಸಾಮಾಜಿಕ ಜಾಲತಾಣದ ಮಾತು ನಂಬಿ, ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಇಟ್ಟಿದ್ದರು. ಮಗು ಎದ್ದು ಬರಲಿಲ್ಲ. ಆ ಹೆತ್ತವರನ್ನು ದೂರುವುದರಲ್ಲಿ ಅರ್ಥವಿಲ್ಲ, ಅಂಥ ಹೊತ್ತಿನಲ್ಲಿ ಯಾರಾದರೂ ಯಾವ ಆಸೆಯನ್ನಾದರೂ ಹಿಡಿದುಕೊಳ್ಳುತ್ತಾರೆ. ಪ್ರಶ್ನೆ ಕೇಳಬೇಕಾದದ್ದು ಆ ಸಂದೇಶವನ್ನು ಮುಂದಕ್ಕೆ ಕಳಿಸಿದ ನಮ್ಮೆಲ್ಲರನ್ನು.

ಮುಳುಗಿದವರು ಸಾಯುವುದು ಮೈಯಲ್ಲಿ ನೀರು ತುಂಬಿದ್ದಕ್ಕಲ್ಲ, ಮೆದುಳಿಗೆ ಆಮ್ಲಜನಕ ಸಿಗದೆ. ಉಸಿರು ನಿಂತ ನಾಲ್ಕೈದು ನಿಮಿಷಗಳಲ್ಲೇ ಮೆದುಳಿಗೆ ಹಾನಿ ಶುರುವಾಗುತ್ತದೆ. ಉಪ್ಪು ಚರ್ಮದ ಹೊರಗೆ ಇರುತ್ತದೆ, ಅದು ಆಮ್ಲಜನಕ ಕೊಡುವುದಿಲ್ಲ. ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಕೂಡ ಸಮಯ ಹಾಳು. ಹೊಟ್ಟೆ ಒತ್ತಿದಾಗ ಮೇಲೆ ಬಂದದ್ದು ಶ್ವಾಸಕೋಶಕ್ಕೆ ಇಳಿಯುವ ಅಪಾಯವೂ ಇದೆ.

ಮಾಡಬೇಕಾದದ್ದು ಇಷ್ಟು. ವ್ಯಕ್ತಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಒಬ್ಬರು 108ಕ್ಕೆ ಕರೆ ಮಾಡಲಿ. ಉಸಿರಾಟ ಇಲ್ಲದಿದ್ದರೆ ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎರಡರಿಂದ ಐದು ಬಾರಿ ಉಸಿರು ಊದಿ. ನಂತರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ದೊಡ್ಡವರಿಗಾದರೆ ಸುಮಾರು ಐದು ಸೆಂಟಿಮೀಟರ್ ಆಳಕ್ಕೆ 30 ಸಲ ಒತ್ತಿ, ಎರಡು ಉಸಿರು ಕೊಡಿ. ಇದನ್ನು ಸಹಾಯ ಬರುವವರೆಗೆ ಮುಂದುವರಿಸಿ. ಉಸಿರು ಊದಲು ಬಾರದವರು ಎದೆ ಒತ್ತುವುದನ್ನಾದರೂ ನಿಲ್ಲಿಸಬಾರದು. ಪ್ರಜ್ಞೆ ಬಂದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು, ಶ್ವಾಸಕೋಶದ ತೊಂದರೆ ಕೆಲವು ಗಂಟೆ ಕಳೆದು ಕಾಣಿಸಿಕೊಳ್ಳಬಹುದು.

ಹೊರಡುವ ಮುನ್ನ ಗ್ರೂಪಿನಲ್ಲಿ ಇಬ್ಬರಾದರೂ ಇದರ ತರಬೇತಿ ಪಡೆದುಕೊಂಡರೆ ಅದಕ್ಕಿಂತ ಒಳ್ಳೆಯ ತಯಾರಿ ಇಲ್ಲ.

ಜೆಲ್ಲಿ ಫಿಶ್ ಕುಟುಕಿದರೆ

ಮೂತ್ರ ಬೇಡ, ಸಿಹಿನೀರೂ ಬೇಡ. ಚರ್ಮಕ್ಕೆ ಅಂಟಿದ ಎಳೆಗಳಲ್ಲಿ ಇನ್ನೂ ಸಿಡಿಯದ ವಿಷಕೋಶಗಳು ಇರುತ್ತವೆ, ಇವು ಬಿದ್ದಾಗ ಅವು ಸಿಡಿದು ಉರಿ ಹೆಚ್ಚಬಹುದು. ಕಡಲ ನೀರಿನಿಂದಲೇ ತೊಳೆಯಿರಿ. ಎಳೆಗಳನ್ನು ಚಿಮಟದಿಂದ ತೆಗೆಯಿರಿ, ಮರಳು ಹಾಕಿ ಉಜ್ಜಬೇಡಿ. ಆಮೇಲೆ ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ, ಸುಮಾರು 45 ಡಿಗ್ರಿ ಸೆಲ್ಸಿಯಸ್, 20 ನಿಮಿಷ ಇಟ್ಟರೆ ನೋವು ಇಳಿಯುತ್ತದೆ. ನೀರಿನ ಬಿಸಿಯನ್ನು ಬೇರೆಯವರು ಮೊದಲು ಕೈಯಿಟ್ಟು ನೋಡಲಿ. ವಿನೆಗರ್ ಕೆಲವು ಜಾತಿಗೆ ಸರಿ, ಕೆಲವಕ್ಕೆ ತೊಂದರೆ. ಯಾವ ಜಾತಿ ಎಂದು ಗೊತ್ತಿಲ್ಲದೆ ಸುರಿಯುವುದು ಬೇಡ. ಉಸಿರಾಟದ ತೊಂದರೆ, ಮುಖ ಊದುವುದು, ವಾಂತಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಉಪ್ಪಿನ ಗೆರೆ, ಬೆಳ್ಳುಳ್ಳಿ ಮತ್ತು ಹಾವು

ಉಪ್ಪು ತಗುಲಿ ಒದ್ದಾಡುವುದು ಬಸವನ ಹುಳು, ಅದರ ಮೈ ಒದ್ದೆ. ಹಾವಿನ ಮೈ ಒಣ ಹುರುಪೆಗಳಿಂದ ಮುಚ್ಚಿರುತ್ತದೆ. ಉಪ್ಪು, ಬೆಳ್ಳುಳ್ಳಿ, ಹಗ್ಗ ಯಾವುದೂ ಅದನ್ನು ತಡೆಯುವುದಿಲ್ಲ. ತಡೆಯುವುದು ಟೆಂಟಿನ ಜಿಪ್.

ಕಟ್ಟುಹಾವು ರಾತ್ರಿ ಸಂಚರಿಸುವ ಹಾವು. ನೆಲದ ಮೇಲೆ ಮಲಗಿದವರನ್ನು ಕಚ್ಚುವುದು ಹೆಚ್ಚಾಗಿ ಅದೇ, ಮತ್ತು ಕಚ್ಚಿದ ಗಾಯ ನೋಯುವುದೂ ಕಡಿಮೆ. ಆದ್ದರಿಂದ ಬಯಲಲ್ಲಿ ಚಾಪೆ ಹಾಸಿ ಮಲಗಬೇಡಿ. ಟೆಂಟಿಗೆ ತಳಬಟ್ಟೆ ಇರಲಿ, ಜಿಪ್ ಸದಾ ಮುಚ್ಚಿರಲಿ. ಊಟದ ಚೂರು ಸುತ್ತ ಬಿಡಬೇಡಿ. ಅದಕ್ಕೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ರಾತ್ರಿ ಹೊರಗೆ ಹೋಗುವಾಗ ಟಾರ್ಚ್ ಇರಲಿ, ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಿ. ಕಚ್ಚಿದರೆ ಗಾಯ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಆ್ಯಂಟಿವೆನಮ್ ಬಿಟ್ಟು ಬೇರೆ ಮದ್ದಿಲ್ಲ.

ಕೆಂಡ, ಹೊಗೆ, ಮರಳು

ಕಡಲತೀರದಲ್ಲಿ ಹಾವಿಗಿಂತ ಸೊಳ್ಳೆಯ ಕಾಟ ಹೆಚ್ಚು. ಅದಕ್ಕೆ ತೆಂಗಿನ ಸಿಪ್ಪೆಯ ಹೊಗೆ ಹಾಕಿ, ಕೆಂಡದ ತಟ್ಟೆಯನ್ನು ಟೆಂಟಿನೊಳಗೆ ಇಡುವವರಿದ್ದಾರೆ. ಕೆಂಡ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರನ್ನು ಎಬ್ಬಿಸುವುದೂ ಇಲ್ಲ. ಜಿಪ್ ತುಸು ತೆರೆದಿಟ್ಟರೆ ಸಾಕು ಎಂಬ ಮಾತೂ ಸುಳ್ಳು. ಸೊಳ್ಳೆಗೆ ಪರದೆ ಮತ್ತು ಮುಲಾಮು ಸಾಕು. ಕೆಂಡ, ಒಲೆ, ಹೊಗೆ ಎಲ್ಲವೂ ಹೊರಗಿರಲಿ.

ಬೆಂಕಿಯನ್ನು ಮರಳು ಮುಚ್ಚಿ ಆರಿಸುವುದೂ ಸರಿಯಲ್ಲ. ಮರಳಿನಡಿ ಕೆಂಡ ಗಂಟೆಗಟ್ಟಲೆ ಬಿಸಿಯಾಗಿರುತ್ತದೆ. ಬೆಳಿಗ್ಗೆ ಬರಿಗಾಲಿನಲ್ಲಿ ಓಡಿಬರುವ ಮಗುವಿಗೆ ಅದು ಕಾಣುವುದಿಲ್ಲ. ನೀರು ಸುರಿದು ತಣ್ಣಗಾಯಿತೇ ನೋಡಿ.

ಚಳಿಗಾಲದ ರಾತ್ರಿಗಳಲ್ಲಿ ಉತ್ತರ ಕನ್ನಡದ ತೀರಗಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಮರಿಗಳು ಬೆಳಕಿರುವ ದಿಕ್ಕೇ ಕಡಲೆಂದು ತಿಳಿದು ಸಾಗುತ್ತವೆ. ನಿಮ್ಮ ದೀಪ, ಬೆಂಕಿ ಅವಕ್ಕೆ ದಾರಿ ತಪ್ಪಿಸುತ್ತದೆ. ಆಮೆ ಕಂಡರೆ ದೀಪ ಆರಿಸಿ ದೂರ ನಿಲ್ಲಿ. ಮುಟ್ಟಬೇಡಿ, ಫ್ಲ್ಯಾಶ್ ಹಾಕಬೇಡಿ, ಅರಣ್ಯ ಇಲಾಖೆಗೆ ತಿಳಿಸಿ.

ಗ್ರೂಪಿಗೆ ಕಳಿಸಲು

ಇಷ್ಟು ಓದಲು ಸಮಯವಿಲ್ಲದ ಗೆಳೆಯರಿಗೆ ಕೆಳಗಿನ ಸಾಲುಗಳನ್ನು ನಕಲು ಮಾಡಿ ಕಳಿಸಿ:

1. ಹೊರಡುವ ಹಿಂದಿನ ದಿನ ಇನ್‌ಕಾಯ್ಸ್ ಎಚ್ಚರಿಕೆ ಮತ್ತು ಉಬ್ಬರದ ಸಮಯ ನೋಡಿ.
2. ಕಸದ ಗೆರೆಗಿಂತ ಮೇಲೆ ಟೆಂಟ್ ಹಾಕಿ. ತೆಂಗಿನ ಮರದ ಕೆಳಗೆ, ಅಳಿವೆಯ ಬಳಿ ಬೇಡ.
3. ಅಲೆಗಳ ನಡುವೆ ಶಾಂತವಾಗಿ ಕಾಣುವ ನೀರಿಗೆ ಇಳಿಯಬೇಡಿ. ಸೆಳೆತಕ್ಕೆ ಸಿಕ್ಕರೆ ತೇಲಿ, ಕೈ ಎತ್ತಿ, ಪಕ್ಕಕ್ಕೆ ಈಜಿ.
4. ಮುಳುಗಿದವರಿಗೆ ಉಪ್ಪು ಬೇಡ, ಉಸಿರು ಕೊಡಿ, ಎದೆ ಒತ್ತಿ, 108ಕ್ಕೆ ಕರೆ ಮಾಡಿ.
5. ಕೆಂಡ ಟೆಂಟಿನ ಹೊರಗೆ, ಜಿಪ್ ಯಾವಾಗಲೂ ಮುಚ್ಚಿರಲಿ.
6. ಟಾರ್ಚ್, ಹಗ್ಗ, ಮುಚ್ಚಳ ಇರುವ ಖಾಲಿ ಕ್ಯಾನ್, ಚಿಮಟ, ಸೊಳ್ಳೆ ಮುಲಾಮು, ಓಆರ್‌ಎಸ್ ಪೊಟ್ಟಣ, ಕಸದ ಚೀಲ ಮರೆಯಬೇಡಿ.

ಉಪ್ಪಿನ ಪೊಟ್ಟಣವನ್ನೂ ಒಯ್ಯಿರಿ. ಮೀನಿನ ಸಾರಿಗೆ ಬೇಕಾಗುತ್ತದೆ.